ಹಿಂದಿನ ಗೇಟು ಮತ್ತು ನನ್ನ ಬಾಯಿ

ಮಾರ್ಚ್ ೩, ಸೋಮವಾರ

ಇಡೀ ದಿನ ಬೇರೆಯವರ ಮಾತು ಆಡಿ ಆಡಿ ಸುಸ್ತಾಗಿ ಮನೆಗೆ ಬರೋಳು ನಾನು. ಆಸ್ಪತ್ರೆ, ಕೋರ್ಟು, ಬ್ಯಾಂಕು ಅಂತ ಎಲ್ಲಿ ಕರೆದ್ರೆ ಅಲ್ಲಿಗೆ ಹೋಗ್ಬೇಕು. ಕಿವಿ ಕೇಳದವರು ಕೈಯಲ್ಲಿ ಆಡಿದ್ದನ್ನ ಬಾಯಲ್ಲಿ ಹೇಳ್ಬೇಕು, ಉಳಿದವರು ಬಾಯಲ್ಲಿ ಆಡಿದ್ದನ್ನ ಕೈಯಲ್ಲಿ ಹೇಳ್ಬೇಕು. ದುಭಾಷಿ ಅಂತ ಹೆಸರು. ಅವರು 'ನಾನು' ಅಂದ್ರೆ ನಾನೂ 'ನಾನು' ಅನ್ಬೇಕು, ಅವರು ಬೈದ್ರೆ ನಾನೂ ಬೈಬೇಕು. ನನ್ನ ಸ್ವಂತದ್ದು ಒಂದಕ್ಷರ ಸೇರಿಸೋ ಹಾಗಿಲ್ಲ. ಆ ಸ್ವಂತದ್ದೆಲ್ಲ ಒಳಗೇ ಕೂತಿದ್ದು, ಮನೆಗೆ ಬಂದ ಮೇಲೆ ಒಟ್ಟಿಗೆ ಆಚೆ ಬರುತ್ತೆ. "ಮೊದಲು ಬರೀ, ಆಮೇಲೆ ಬೈ" ಅಂತ ಇವರು ಈ ಡೈರಿ ತಂದುಕೊಟ್ಟಿದ್ದಾರೆ. ಬೇರೆ ಗಂಡಂದಿರು ಒಡವೆ ತರ್ತಾರೆ.

ಇವತ್ತು ಬರೆಯೋಕೆ ಬೇಕಾದಷ್ಟಿದೆ. ನಮ್ಮ ಕಟ್ಟಡದ ಹಿಂದೆ ಒಂದು ಸಣ್ಣ ಗೇಟಿದೆ. ಹಿಂದಿನ ಬೀದಿಯವರು ಬಸ್ ಸ್ಟಾಪಿಗೆ ಹೋಗೋಕೆ ಆ ಗೇಟಿಂದ ನುಗ್ಗಿ, ನಮ್ಮ ಅಂಗಳ ಹಾದು, ಮುಂದಿನ ಗೇಟಿಂದ ಆಚೆ ಹೋಗ್ತಾರೆ. ನಡ್ಕೊಂಡು ಹೋಗೋರು ಹೋಗ್ಲಿ, ಸೈಕಲ್ಲಿನವರೂ ಹೋಗ್ತಾರೆ. ಒಂದೂವರೆ ತಿಂಗಳ ಹಿಂದೆ ಅಂಥದ್ದೇ ಒಂದು ಸೈಕಲ್ ತಗುಲಿ ನಮ್ಮ ಅತ್ತೆ ಬಿದ್ರು. ಮೂಳೆ ಮುರೀಲಿಲ್ಲ, ಧೈರ್ಯ ಮುರೀತು. ದಿನಾ ಬೆಳಿಗ್ಗೆ ಸಂಜೆ ಅಂಗಳದಲ್ಲಿ ನಾಲ್ಕು ಸುತ್ತು ಹಾಕ್ತಿದ್ದವರು ಅವತ್ತಿಂದ ಮೆಟ್ಟಿಲಿಳಿದಿಲ್ಲ. ಕಿಟಕಿ ಹತ್ರ ಕುರ್ಚಿ ಹಾಕ್ಕೊಂಡು ಕೂತಿರ್ತಾರೆ. ಹೀಗೇ ಕೂತ್ರೆ ಕಾಲು ಹಿಡ್ಕೊಂಡು ಹಾಸಿಗೆ ಹಿಡೀತಾರೆ, ಆಮೇಲೆ ಎಬ್ಬಿಸೋಕೆ ನನ್ನಿಂದಾಗಲ್ಲ ಅಂತ ಡಾಕ್ಟ್ರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಾರೆ. "ಕೆಳಗೆ ಸೈಕಲ್ ಇದಾವಲ್ಲಮ್ಮ" ಅಂತಾರೆ ಅತ್ತೆ.

ಸೈಕಲ್ ನಿಲ್ಲಬೇಕು ಅಂದ್ರೆ ಗೇಟಿಗೆ ಬೀಗ ಹಾಕ್ಬೇಕು. ಒಂದು ಕಾಗದ ಬರೆದು ಮನೆಮನೆಗೂ ಹೋಗಿ ಸಹಿ ಹಾಕಿಸ್ಕೊಂಡೆ. ನೆಲಮಹಡಿಯ ಬೈಂಡರ್ ಹತ್ರ ಕೊನೆಗೆ ಹೋದೆ. ಪ್ರೆಸ್ಸಿನಲ್ಲಿ ಪುಸ್ತಕ ಬೈಂಡ್ ಮಾಡೋನು, ಒಬ್ಬನೇ ಇರೋದು. ಹುಟ್ಟಿನಿಂದ ಕಿವಿ ಕೇಳಲ್ಲ. ಇವನ ಭಾಷೆ ಈ ಕಟ್ಟಡದಲ್ಲಿ ಬರೋದು ನನಗೊಬ್ಬಳಿಗೇ. ನನ್ನ ಅಪ್ಪ ಅಮ್ಮ ಇಬ್ಬರಿಗೂ ಕಿವಿ ಕೇಳ್ತಿರ್ಲಿಲ್ಲ, ನಾನು ಬಾಯಿಗಿಂತ ಮೊದಲು ಕೈಯಲ್ಲಿ ಮಾತು ಕಲಿತವಳು. ನಮ್ಮವನೇ, ಕಣ್ಣು ಮುಚ್ಚಿ ಸಹಿ ಹಾಕ್ತಾನೆ ಅಂದ್ಕೊಂಡಿದ್ದೆ. ಕಾಗದ ಎರಡು ಸಲ ಓದಿದ, ನಾಲ್ಕಾಗಿ ಮಡಚಿದ, ಅಂಚನ್ನ ಉಗುರಲ್ಲಿ ನೀಟಾಗಿ ಒತ್ತಿ ನನ್ನ ಕೈಗೇ ವಾಪಸ್ ಕೊಟ್ಟ. "ದಾರಿ ಮುಚ್ಚೋಕೆ ನೀನ್ಯಾರು?" ಅಂದ.

ನಾನು ಬೀಗದ ಬಗ್ಗೆ ಮಾತ್ರ ಕೇಳಿದ್ದು. ಇವನು ನನ್ನ ಬಗ್ಗೆ ಕೇಳ್ತಾನೆ.

ಮಾರ್ಚ್ ೮, ಶನಿವಾರ

ಆಸಾಮಿ ಸುಮ್ಮನಿಲ್ಲ. ಚೀಟಿ ಬರೆದು ಬರೆದು ಅರ್ಧ ಕಟ್ಟಡದ ತಲೆ ಕೆಡಿಸಿದ್ದಾನೆ. ಸಹಿ ಹಾಕಿದ್ದವರೇ ಈಗ ನನ್ನ ಕಂಡ್ರೆ ಅರ್ಧ ಮೆಟ್ಟಿಲಲ್ಲೇ ವಾಪಸ್ ತಿರುಗ್ತಾರೆ. ಮುಂದಿನ ಭಾನುವಾರ ನಿವಾಸಿಗಳ ಸಂಘದ ಸಭೆ.

ಸಂಜೆ ಕಾರ್ಯದರ್ಶಿಗಳು ಬಂದ್ರು. ಬಹಳ ಒಳ್ಳೆ ಮನುಷ್ಯ, ಏನಂದ್ರೆ ಸಂಘದ ಬೀಗದ ಕೈಗಳನ್ನ ವಾರಕ್ಕೊಂದು ಸಲ ಕಳ್ಕೊಳ್ತಾರೆ. "ತಾಯಿ, ಬೈಂಡರ್ ಸಭೇಲಿ ಮಾತಾಡ್ಬೇಕಂತೆ. ನೀವೇ ದುಭಾಷಿ ಆಗ್ಬೇಕು" ಅಂದ್ರು. ಆಗಲ್ಲ ಅಂದೆ. ತನ್ನದೇ ಜಗಳದಲ್ಲಿ ದುಭಾಷಿ ಕೂರಬಾರದು, ಅದು ನಮ್ಮ ಕೆಲಸದ ಮೊದಲ ಪಾಠ. ಬೇರೆಯವರನ್ನ ಹುಡುಕಿ ಅಂದೆ. ಹುಡುಕಿದ್ರಂತೆ, ಭಾನುವಾರ ಯಾರೂ ಸಿಗಲ್ಲವಂತೆ. "ಅಲ್ಲದೆ, ನೀವೇ ಬೇಕು ಅಂತ ಅವರೇ ಬರೆದುಕೊಟ್ಟಿದ್ದಾರೆ."

ಸೀದಾ ಕೆಳಗೆ ಹೋದೆ. ನಾನು ನಿನ್ನ ವಿರೋಧಿ, ತಲೆ ನೆಟ್ಟಗಿದೆಯಾ ಅಂತ ಕೇಳಿದೆ.

"ಅದಕ್ಕೇ ನೀನು ಬೇಕು. ನನ್ನ ಕಡೆಯವರು ಹೇಳಿದ್ರೆ, ಉಪ್ಪು ಖಾರ ಹಚ್ಚಿ ಹೇಳಿದ್ರು ಅಂತಾರೆ. ನೀನು ಹಚ್ಚಿ ಹೇಳಿದೆ ಅಂತ ಯಾರೂ ಅನ್ನಲ್ಲ."

"ಬಿಟ್ಟು ಹೇಳಿದ್ರೆ?"

"ನಿನ್ನ ಕೆಲಸ ನಿನಗೆ ಗೊತ್ತಿದೆ" ಅಂದ.

ಎದುರಿಗೆ ಬಾಗಿಲು ಹಾಕ್ಕೊಳ್ಳೋ ಮನುಷ್ಯನ ಜೊತೆ ಜಗಳ ಆಡಬಹುದು. ಇಂಥವನ ಜೊತೆ ಹೇಗಪ್ಪಾ ಆಡೋದು. ಒಪ್ಕೊಂಡು ಬಂದೆ.

ಮಾರ್ಚ್ ೧೬, ಭಾನುವಾರ

ಸಭೆ ಮುಗೀತು. ಒಂದಕ್ಷರ ಸುಳ್ಳು ಹೇಳಿಲ್ಲ ನಾನು, ದೇವರಾಣೆ.

ಸ್ವಲ್ಪ ಸಪ್ಪೆಯಾಗಿ ಹೇಳಿದೆ, ಅಷ್ಟೆ. ಅವನು ಕೈ ಬೀಸಿ ಬೀಸಿ, ಹುಬ್ಬು ಹಾರಿಸಿ, ಕೆನ್ನೆ ಉಬ್ಬಿಸಿ ಆಡಿದ್ದನ್ನ ನಾನು ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ತಡ ಅಂತ ಹೇಳ್ತಾರಲ್ಲ, ಆ ದನಿಯಲ್ಲಿ ಹೇಳಿದೆ. "ಗೇಟಿಗೆ ಬೀಗ ಹಾಕಿದ್ರೆ ಕಳ್ಳ ಹಾರಿ ಬರೋಕೆ ಒಂದು ನಿಮಿಷ, ನಮ್ಮ ಕಾರ್ಯದರ್ಶಿಗಳು ಬೀಗದ ಕೈ ಹುಡುಕೋಕೆ ಒಂದು ವಾರ" ಅಂದ. ನಾನು, "ಬೀಗದಿಂದ ಹೆಚ್ಚಿನ ಪ್ರಯೋಜನ ಇಲ್ಲ ಎಂಬುದು ನನ್ನ ಅಭಿಪ್ರಾಯ" ಅಂದೆ. ಅರ್ಥ ಅದೇ ತಾನೆ? ಯಾರೂ ನಗಲಿಲ್ಲ. ಅವನು ಒಂದು ಗಳಿಗೆ ಜನರ ಮುಖ ನೋಡಿದ, ಆಮೇಲೆ ನನ್ನ ಮುಖ ನೋಡಿದ, ಮುಂದುವರಿಸಿದ.

ತೀರ್ಮಾನ ಆಗಲಿಲ್ಲ. ನೀರಿನ ಪಂಪಿನ ಜಗಳದಲ್ಲೇ ಹೊತ್ತಾಯ್ತು. ಗೇಟಿನ ವಿಷಯ ಮೂವತ್ತನೇ ತಾರೀಖಿಗೆ ಹೋಯ್ತು. ಮೇಲಿನ ಮನೆಯಲ್ಲಿರೋ ಮೈದುನ ಬಂದು, "ಅತ್ತಿಗೆ, ಸೂಪರ್. ಆ ಮನುಷ್ಯ ಮಾತಾಡ್ತಿದ್ರೆ ನನಗೆ ನಿದ್ದೆ ಬಂತು" ಅಂದ. ಹೊಗಳಿಕೆನೇ ಅದು. ಆದ್ರೂ ಕೇಳಿ ಹಾಲು ಕುಡಿದಷ್ಟು ಸಂತೋಷವೇನೂ ಆಗಲಿಲ್ಲ.

ಮಾರ್ಚ್ ೧೭, ಸೋಮವಾರ

ಬೆಳಿಗ್ಗೆ ಬಾಗಿಲಿಗೆ ಬಂದ. ಒಳಗೆ ಬಾ ಅಂದ್ರೂ ಬರಲಿಲ್ಲ. ಹೊಸ್ತಿಲಾಚೆ ನಿಂತೇ ಕೇಳಿದ:

"ಕಾರ್ಯದರ್ಶಿಗಳ ಬೀಗದ ಕೈ ಮಾತಿಗೆ ನಗು ಬರಬೇಕಿತ್ತು. ಕಾರ್ಯದರ್ಶಿಗಳೇ ನಗ್ತಿದ್ರು. ಎಲ್ಲಿ ಹೋಯ್ತು ನನ್ನ ನಗು?"

ಅರ್ಥ ಪೂರ್ತಿ ಹೇಳಿದ್ದೀನಿ ಅಂದೆ.

"ಅರ್ಥ ಚೀಟಿಯಲ್ಲೂ ಬರೆದು ಕೊಡ್ತೀನಿ. ನಾನು ನಗಿಸ್ತೀನಿ ಅನ್ನೋದು ಆ ಜನಕ್ಕೆ ಗೊತ್ತಾಗೋದು ನಿನ್ನ ಬಾಯಿಂದ ಮಾತ್ರ. ಮೂವತ್ತು ವರ್ಷ ಆ ಪ್ರೆಸ್ಸಿನಲ್ಲಿದ್ದೀನಿ, ನಾನು ತಮಾಷೆ ಮನುಷ್ಯ ಅಂತ ಅಲ್ಲಿ ಒಬ್ಬನಿಗೂ ಗೊತ್ತಿಲ್ಲ."

ಅಷ್ಟು ಹೇಳಿ ಹೋದ. ಬೈದಿದ್ರೆ ಚೆನ್ನಾಗಿತ್ತು.

ಮಾರ್ಚ್ ೧೮, ಮಂಗಳವಾರ

ಬರೆಯೋಕೆ ಏನಿಲ್ಲ. ನಾನು ಮಾಡಿದ್ದು ತಪ್ಪೇನಲ್ಲ. ಇವರಿಗೆ ಹೇಳಿದೆ, "ತಪ್ಪಲ್ಲ ಬಿಡು" ಅಂದ್ರು. ಅತ್ತೆಗೆ ಹೇಳಿದೆ, ಅತ್ತೆ ಕಿಟಕಿ ಆಚೆ ನೋಡ್ತಾ, "ತಪ್ಪಲ್ಲ ಅಂತ ಎಷ್ಟು ಜನರ ಹತ್ರ ಕೇಳ್ಕೊಂಡು ಬಂದೆ?" ಅಂದ್ರು.

ಈ ಮನೆಯಲ್ಲಿ ಬೈಯೋ ಗುತ್ತಿಗೆ ನನಗೊಬ್ಬಳಿಗೇ ಇದೆ ಅಂದ್ಕೊಂಡಿದ್ದೆ.

ಮಾರ್ಚ್ ೧೯, ಬುಧವಾರ

ಕೋರ್ಟಿನ ಕೆಲಸ ಆದ್ರೆ ಮುಂಚೆನೇ ಹೋಗಿ ಕೂತು, ಏನು ಹೇಳ್ತೀರಿ, ಯಾಕೆ ಹೇಳ್ತೀರಿ ಅಂತ ತಿಳ್ಕೊಂಡು ಬರ್ತೀನಿ. ತಿಳಿಯದ ಮಾತನ್ನ ತಿರುಗಿಸೋಕಾಗಲ್ಲ. ಹೋದ ಸಲ ಅದನ್ನ ಮಾಡಿರಲಿಲ್ಲ. ಕೆಲಸ ಅಂದ ಮೇಲೆ ನೆಟ್ಟಗೆ ಮಾಡ್ಬೇಕು ಅಂತ ಇವತ್ತು ಕೆಳಗೆ ಹೋದೆ. ಕ್ಷಮೆ ಕೇಳೋಕೆ ಅಲ್ಲ.

ಮನೆ ತುಂಬ ಅಂಟಿನ ವಾಸನೆ. ದೊಡ್ಡ ದೀಪ ಹಚ್ಚಿ ಎದುರು ಬದುರು ಕೂತ್ವಿ. ಸರಿ, ನಿಮ್ಮ ವಾದ ಹೇಳಿ ಅಂದೆ. "ದಾರಿ ಯಾರಪ್ಪನ ಮನೆ ಸ್ವತ್ತೂ ಅಲ್ಲ" ಅಂದ.

"ಇದು ದಾರಿ ಅಲ್ಲ, ಅಂಗಳ. ಕಟ್ಟಡದವರ ಸ್ವತ್ತೇ. ಮುಂದೆ?"

ಮುಂದೆ ಏನೂ ಇರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಜಾತಿ. ಅದನ್ನೇ ನಾಲ್ಕು ಥರ ಹೇಳಿದ. ನನಗೆ ರೇಗಿಹೋಯ್ತು. ಇಂಥ ಪೇಲವ ಮಾತನ್ನ ನನ್ನ ಬಾಯಲ್ಲಿ, ಅದೂ ಅಷ್ಟು ಜನರ ಮುಂದೆ ಆಡ್ಲಾ? ನನ್ನ ಮರ್ಯಾದೆ ಏನಾಗ್ಬೇಕು? ಸುತ್ತು ಬಳಸಿ ಹೋಗೋ ರಸ್ತೆಯಲ್ಲಿ ಲಾರಿಗಳು ಓಡಾಡುತ್ತವಲ್ಲ, ಫುಟ್‌ಪಾತೇ ಇಲ್ಲವಲ್ಲ, ಬೆಳಗಿನ ಪಾಳಿಯವರು ಕತ್ತಲಲ್ಲಿ ಅಲ್ಲಿ ನಡೀಬೇಕಾಗುತ್ತಲ್ಲ, ಅದನ್ನ ಯಾಕೆ ಹೇಳಲ್ಲ ಅಂತ ಕೇಳಿದೆ. ನಾನೇ ಹೋದ ವರ್ಷ ಅಲ್ಲಿ ಒಂದು ಲಾರಿಗೆ ಸಿಕ್ಕಿ ಚರಂಡಿಗೆ ಹಾರಿದ್ದೆ.

ಬೈಂಡರ್ ಪೆನ್ಸಿಲ್ ತಗೊಂಡು ಬರ್ಕೊಂಡ್ರು.

ಮೇಲೆ ಬಂದು ಹೇಳಿದ್ರೆ ಇವರು ಹೊಟ್ಟೆ ಹಿಡ್ಕೊಂಡು ನಕ್ಕರು. "ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ಅದು ನೀನೇ ನೋಡು. ಯಾವ ಪಕ್ಷ ಮಾರಾಯ್ತಿ ನೀನು?" ಬೀಗದ ಪಕ್ಷ ಅಂದೆ. ಎದುರು ವಾದ ಗಟ್ಟಿ ಇದ್ರೆ ತಾನೆ ಗೆದ್ದಿದ್ದಕ್ಕೆ ಬೆಲೆ.

ಮಾರ್ಚ್ ೨೨, ಶನಿವಾರ

ಇವತ್ತೂ ಹೋಗಿದ್ದೆ. ಒಂದೇ ಒಂದು ವಿಷಯದಲ್ಲೂ ನಮಗಿಬ್ಬರಿಗೆ ಹೊಂದಲ್ಲ. ಅವರು ಓದೋ ಪೇಪರ್ ನಾನು ಕಪಾಟಿಗೆ ಹಾಸೋಕೂ ತರಲ್ಲ. ಅವರು ವೋಟು ಹಾಕಿದವರ ಹೆಸರು ಕೇಳಿದ್ರೆ ನನಗೆ ಊಟ ಸೇರಲ್ಲ. ಪ್ರಾಣಿಗಳನ್ನ ಮನೆಯಲ್ಲಿ ಸಾಕಬಾರದು ಅಂತಾರೆ, ಮಕ್ಕಳಿಗೆ ಪರೀಕ್ಷೆ ಇನ್ನೂ ಕಷ್ಟ ಮಾಡ್ಬೇಕು ಅಂತಾರೆ. ಎರಡು ಗಂಟೆ ಜಗಳ ಆಡಿದ್ವಿ. ಕೈಮಾತಿನಲ್ಲಿ ಒಂದು ಅನುಕೂಲ ಏನೂಂದ್ರೆ, ಇಬ್ಬರೂ ಒಟ್ಟಿಗೆ ಕೂಗಾಡೋಕಾಗಲ್ಲ, ಎದುರಿನವರನ್ನ ನೋಡ್ಲೇಬೇಕು. ನೋಡದೇ ಇದ್ರೆ ಅವರು ಏನಂದ್ರು ಅಂತಲೇ ಗೊತ್ತಾಗಲ್ಲ.

ಕಿವಿ ಕೇಳದವರು ಗುರುತಿನವರಿಗೆಲ್ಲ ಕೈಯಲ್ಲಿ ಒಂದು ಹೆಸರಿಡ್ತಾರೆ. ನನಗೂ ಒಂದು ಇಟ್ಟಿದ್ದಾರೆ ಅಂತ ಇವತ್ತು ಗೊತ್ತಾಯ್ತು: ತೋರುಬೆರಳಿನಿಂದ ಮೂಗಿನ ತುದಿ ಮುಟ್ಟಿ, ಸುಟ್ಟ ಹಾಗೆ ಬೆರಳು ಝಾಡಿಸೋದು. ಯಾಕೆ ಅಂತ ನಾನೇನೂ ಕೇಳಲಿಲ್ಲ. ಇವರಿಗೆ ತೋರಿಸಿದ್ದೇ ತಪ್ಪಾಯ್ತು, ಸಂಜೆಯಿಂದ ಹತ್ತು ಸಲ ಮೂಗು ಮುಟ್ಟಿ ಝಾಡಿಸಿದ್ದಾರೆ.

ಪ್ರತಿ ಸಲ ನಾನು ಮೇಲೆ ಬಂದ ಕೂಡ್ಲೇ ಅತ್ತೆ, "ಏನಂದ ಇವತ್ತು ಆ ಮನುಷ್ಯ?" ಅಂತ ಕೇಳ್ತಾರೆ. ಒಂದೊಂದೂ ಹೇಳ್ಬೇಕು. ಪಾಪ, ಹೊತ್ತು ಹೋಗಬೇಕಲ್ಲ.

ಮಾರ್ಚ್ ೨೬, ಬುಧವಾರ

ನಮ್ಮ ಪಕ್ಷದ ಸಭೆ, ನಮ್ಮನೆ ಹಾಲ್‌ನಲ್ಲೇ. ನಾನು ದುಭಾಷಿ ಆಗೋದ್ರಿಂದ ನಮ್ಮ ಪರ ಮೈದುನ ಮಾತಾಡ್ತಾನೆ. "ಅಮ್ಮನ ಕಷ್ಟ ಹೇಳಿ ಎಲ್ಲರ ಕಣ್ಣಲ್ಲಿ ನೀರು ತರಿಸ್ತೀನಿ ನೋಡಿ ಅತ್ತಿಗೆ. ಅಮ್ಮನ್ನ ಕುರ್ಚಿ ಸಮೇತ ಎತ್ಕೊಂಡು ಹೋಗಿ ಮೊದಲ ಸಾಲಿನಲ್ಲಿ ಕೂರಿಸೋಣ. ನೋಡಿದ್ರೇ ಅರ್ಧ ಕೆಲಸ ಆಗುತ್ತೆ" ಅಂದ. ಅತ್ತೆ ಅಲ್ಲೇ ಕೂತು ಬಟಾಣಿ ಬಿಡಿಸ್ತಿದ್ರು. ಏನೂ ಅನ್ನಲಿಲ್ಲ. ಒಪ್ಪಿಗೆ ಅಂತ ತಿಳ್ಕೊಂಡ್ವಿ.

ಲೆಕ್ಕ ಹಾಕಿದ್ವಿ. ನಮ್ಮ ಕಡೆ ಇಪ್ಪತ್ತೊಂದು ಕೈ ಗ್ಯಾರಂಟಿ, ಅವರ ಕಡೆ ಇಪ್ಪತ್ತು.

ಮಾರ್ಚ್ ೩೦, ಭಾನುವಾರ

ಸೋತ್ವಿ.

ನಡೆದದ್ದನ್ನ ಮೊದಲಿಂದ ಬರೀತೀನಿ.

ನಾನು ಜನರಿಗೆ ಬೆನ್ನು ಮಾಡಿ, ಬೈಂಡರ್ ಕಡೆ ಮುಖ ಮಾಡಿ ನಿಂತಿದ್ದೆ. ಅವರ ಕೈ ಕಾಣ್ಬೇಕು, ನನ್ನ ಕೈ ಅವರಿಗೆ ಕಾಣ್ಬೇಕು, ಇನ್ಯಾರೂ ನನಗೆ ಬೇಕಾಗಿಲ್ಲ. ಅವರು ಶುರು ಮಾಡಿದ್ರು, ನಾನೂ ಶುರು ಮಾಡಿದೆ. ಬೀಗದ ಕೈ ಮಾತು ಈ ಸಲ ಅವರು ಆಡಿದ ಹಾಗೇ ಬಂತು. ಬೆನ್ನ ಹಿಂದೆ ಇಡೀ ಸಭೆ ನಕ್ಕಿದ್ದು ಕೇಳಿಸ್ತು, ಕಾರ್ಯದರ್ಶಿಗಳ ನಗು ಎಲ್ಲಕ್ಕಿಂತ ಜೋರು. 'ನಗ್ತಿದ್ದಾರೆ' ಅಂತ ಕೈಯಲ್ಲಿ ತಿಳಿಸಿದೆ. 'ಕಾಣ್ತಿದೆ' ಅಂದ್ರು. ಬೈಂಡರ್ ಅಷ್ಟು ಖುಷಿಯಾಗಿದ್ದು ನಾನು ನೋಡೇ ಇರಲಿಲ್ಲ.

ಆಮೇಲೆ ಲಾರಿ ರಸ್ತೆ. ಬೆಳಗಿನ ಪಾಳಿಯವರು. ನಾನು ಕೊಟ್ಟ ಚರಂಡಿಯನ್ನೂ ಸೇರಿಸಿದ್ರು. ಎಲ್ಲ 'ನಾನು, ನಾನು' ಅಂತ ನನ್ನ ದನಿಯಲ್ಲೇ. "ಆ ತಾಯಿ ಬಗ್ಗೆ ಎಲ್ಲರೂ ಮಾತಾಡ್ತಿದ್ದೀವಿ, ನಾನೂ ಸೇರಿ. ಅವರು ಇಲ್ಲೇ ಕೂತಿದ್ದಾರೆ. ಅವರನ್ನೇ ಒಂದು ಮಾತು ಕೇಳಬಹುದಲ್ಲ" ಅಂತ ಮುಗಿಸಿದ್ರು. ಒಂದು ಕಡೆಯೂ ತಡವರಿಸಲಿಲ್ಲ ನಾನು. ಇಷ್ಟು ವರ್ಷದಲ್ಲಿ ಇಷ್ಟು ಚೆನ್ನಾಗಿ ಯಾವತ್ತೂ ಮಾಡಿರಲಿಲ್ಲ, ಅದೂ ಯಾರಿಗಾಗಿ ನೋಡಿ.

ಮೈದುನ ಎದ್ದ. ಅಮ್ಮನ ಕಷ್ಟ ಹೇಳಿದ. ಪಾಪ, ಪಾಪ ಅಂತ ಎಷ್ಟು ಸಲ ಅಂದನೋ. ಮೂಲೆ ಸೇರಿದ್ದಾರೆ, ಕೈಲಾಗದವರು, ಇನ್ನೆಷ್ಟು ದಿನವೋ ಅಂದ. ಅದನ್ನೆಲ್ಲ ಬೈಂಡರ್‌ಗೆ ಹೇಳಿದೆ. ಕೊನೆಗೆ ಅವನ ಬಾಯಿ ಜಾರಿತು: "ಸೈಕಲ್ ಬೆಲ್ಲೂ ಲಾರಿ ಹಾರ್ನೂ ಎರಡೂ ಒಂದೇ ಆಗಿರೋ ಮನುಷ್ಯನ ಹತ್ರ ನಾವು ರಸ್ತೆ ಬಗ್ಗೆ ಪಾಠ ಕೇಳ್ಬೇಕಾ?"

ಅದನ್ನ ತಿರುಗಿಸೋಕೆ ನನ್ನ ಕೈ ಮೇಲೆದ್ದಿತ್ತು. ಮೈದುನ ಸಣ್ಣ ದನಿಯಲ್ಲಿ, "ಅತ್ತಿಗೆ, ಅದನ್ನ ಅವರಿಗೆ ಹೇಳ್ಬೇಡಿ" ಅಂದ.

ಹೇಳಿದೆ. ಮೊದಲು ಆ ಮಾತು ಹೇಳಿದೆ, ಆಮೇಲೆ 'ಅತ್ತಿಗೆ, ಅದನ್ನ ಅವರಿಗೆ ಹೇಳ್ಬೇಡಿ' ಅನ್ನೋದನ್ನೂ ಹೇಳಿದೆ. ಸಭೆಯಲ್ಲಿ ಆಡಿದ್ದೆಲ್ಲ ಹೇಳ್ಬೇಕು, ನಿಯಮ ಅಂದ್ರೆ ನಿಯಮ. ಆದ್ರೆ ನಮ್ಮ ಮನೆ ಮಾತು, ನಮ್ಮ ಪಕ್ಷದ ಮಾತು, ನನ್ನ ಎರಡು ಕೈಯಿಂದ ಅವರ ಕಣ್ಣೆದುರಿಗೆ ಇಡ್ಬೇಕಾದ್ರೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು.

ಬೈಂಡರ್‌ಗೆ ಎರಡನೇದು ನೋಡಿ ನಗು ಬಂತು. ಆಮೇಲೆ ಉತ್ತರ ಕೊಟ್ರು, ನಾನು ಮೈದುನನ ಕಡೆ ತಿರುಗಿಯೇ ಹೇಳಿದೆ: "ನಿಜ. ನನಗೆ ಎರಡೂ ಒಂದೇ. ಅದಕ್ಕೇ ಆ ರಸ್ತೆಗಿಂತ ಈ ಅಂಗಳ ನನಗಿಷ್ಟ. ಇಲ್ಲಿ ಗುದ್ದಿದ್ರೆ ಸೈಕಲ್ ಗುದ್ದುತ್ತೆ. ಆ ಪೆಟ್ಟೂ ಸಣ್ಣದಲ್ಲ, ಆ ತಾಯಿಯ ಕ್ಷಮೆ ಕೇಳ್ತೀನಿ." ಹೇಳೋವಾಗ ನನ್ನ ದನಿ ಸ್ವಲ್ಪ ಏರಿತ್ತಂತೆ. ಇವರು ಹೇಳಿದ್ದು. ದುಭಾಷಿಗಳು ಏರಿಸಬಾರದು.

ಬೀಗ ಬೇಕು ಅನ್ನೋರು ಕೈಯೆತ್ತಿ ಅಂದ್ರು ಕಾರ್ಯದರ್ಶಿಗಳು. ಅದನ್ನ ಒಂದು ಕೈಯಲ್ಲೇ ಬೈಂಡರ್‌ಗೆ ಹೇಳಿ ಇನ್ನೊಂದು ಕೈ ಎತ್ತಿ ಹಿಡಿದೆ. ಅವರ ಮುಖ ನೋಡ್ಕೊಂಡೇ ಎತ್ತಿದೆ. ಅವರು ತಲೆಯಾಡಿಸಿದ್ರು. ಬೇಡ ಅನ್ನೋರ ಕೈಯನ್ನೂ ನನ್ನ ಬೆನ್ನ ಹಿಂದೆಯೇ ಎಣಿಸಿದ್ರು. ಬೀಗಕ್ಕೆ ಇಪ್ಪತ್ತು, ಬೇಡ ಅನ್ನೋಕೆ ಇಪ್ಪತ್ತೊಂದು.

ಅತ್ತೆಯನ್ನ ಮತ್ತೆ ಕುರ್ಚಿ ಸಮೇತ ಎತ್ಕೊಂಡು ಬಂದ್ವಿ. ಇನ್ನು ಆ ಕಾಲುಗಳ ಗತಿ ಏನು? ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ನಾನು ಅತ್ತುಬಿಟ್ಟೆ.

ಮಾರ್ಚ್ ೩೧, ಸೋಮವಾರ

ಯಾರದು ಆ ಒಂದು ಕೈ?

ನಾಲ್ಕನೇ ಮಹಡಿ ಹಲ್ಲಿನ ಡಾಕ್ಟ್ರೇ ಇರ್ಬೇಕು. ಬೆಳಿಗ್ಗೆ ನಮಸ್ಕಾರ ಅಂದ್ರು, ಯಾವತ್ತೂ ಅನ್ನದವರು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಂಡ ಹಾಗೆ. ಇಲ್ಲಾಂದ್ರೆ ಮೂರನೇ ಮಹಡಿಯ ಹೊಲಿಗೆಯವರು. ನನ್ನ ಬ್ಲೌಸು ವಾರದಿಂದ ಇಟ್ಕೊಂಡಿದ್ದವರು ಇವತ್ತು ತಾವಾಗೇ ತಂದುಕೊಟ್ರು. ಇದಕ್ಕೇನರ್ಥ?

ಮೈದುನನ್ನ ಕೇಳಿದೆ. ಅಮಲು ಇಳಿದವನ ಹಾಗೆ ಮುಖ ಮಾಡ್ಕೊಂಡು, "ನಾನು ನೋಡಿಲ್ಲ ಅತ್ತಿಗೆ" ಅಂದ. ಬೆಳಿಗ್ಗೆನೇ ಕೆಳಗೆ ಹೋಗಿ ಬೈಂಡರ್‌ಗೆ ಕ್ಷಮೆ ಕೇಳಿ ಒಂದು ಚೀಟಿ ಕೊಟ್ಟು ಬಂದಿದ್ದಾನೆ ಅಂತ ಗೊತ್ತಾಯ್ತು. ಇವರನ್ನ ಕೇಳಿದೆ. "ಹೋಗ್ಲಿ ಬಿಡು, ಗುಟ್ಟಿನ ಮತದಾನ ಅಂದ್ಕೋ" ಅಂದ್ರು. ಎಲ್ಲರೆದುರಿಗೆ ಕೈಯೆತ್ತಿದ್ದರಲ್ಲಿ ಗುಟ್ಟೇನು ಬಂತು? ರಾತ್ರಿ ಊಟಕ್ಕೆ ಎಲ್ಲರೂ ತಟ್ಟೆ ನೋಡ್ಕೊಂಡೇ ಉಂಡರು.

ಏಪ್ರಿಲ್ ೨, ಬುಧವಾರ

ಬೈಂಡರ್ ಹತ್ರ ಹೋದೆ. ನೀವು ಜನರ ಕಡೆ ಮುಖ ಮಾಡಿದ್ರಿ, ನೀವು ನೋಡಿರ್ತೀರಿ, ಯಾರದು ಹೇಳಿ ಅಂದೆ.

"ನೋಡಿದೆ. ಅದು ಅವರ ಮಾತು, ಅವರೇ ಹೇಳ್ಬೇಕು. ನಿಮ್ಮ ಕೆಲಸದ ನಿಯಮವೇ ಅಲ್ವಾ?"

ನನ್ನ ನಿಯಮಾನ ನನಗೇ ತಿರುಗಿಸಿ ಹೊಡೀತಾರೆ. ಮುಂದಿನ ತಿಂಗಳು ಮತ್ತೆ ಸಭೆಗೆ ತರ್ತೀನಿ, ಬಿಡಲ್ಲ ಅಂದೆ. ತನ್ನಿ ಅಂದ್ರು. ನನ್ನ ಹೊಸ ಕಾಗದ ತೋರಿಸಿದೆ. ಎರಡನೇ ಮಾತು ಪೇಲವ ಅಂದ್ರು. ಕಟ್ಟಡದ ಮಕ್ಕಳು ಆಡೋ ಜಾಗ ಅದು ಅಂತ ಬರೀರಿ, ನೀವು ಮಕ್ಕಳನ್ನ ಮರೆತೇ ಬಿಟ್ಟಿದ್ದೀರಿ ಅಂದ್ರು. ಬರ್ಕೊಂಡೆ. ಒಳ್ಳೆ ಮಾತು. ಇದಕ್ಕೆ ನೀವು ಏನು ಉತ್ತರ ಕೊಡ್ತೀರಿ ಅಂತ ಕೇಳಿದ್ರೆ, ಇನ್ನೂ ಯೋಚಿಸ್ತಿದ್ದೀನಿ ಅಂದ್ರು.

ಇವರು ಕೇಳಿ, "ನಿಮ್ಮಿಬ್ಬರಿಗೂ ಹುಚ್ಚು" ಅಂತ ಮೂಗು ಮುಟ್ಟಿ ಬೆರಳು ಝಾಡಿಸಿದ್ರು.

ಏಪ್ರಿಲ್ ೫, ಶನಿವಾರ

ಬೆಳಿಗ್ಗೆ ಅತ್ತೆ, "ನನ್ನ ಕೆಳಗೆ ಕರ್ಕೊಂಡು ಹೋಗು. ಆ ಮನುಷ್ಯನ ಹತ್ರ ಮಾತಾಡೋದಿದೆ" ಅಂದ್ರು. ಅವರನ್ನೇ ಮೇಲೆ ಕರೀತೀನಿ ಅಂದೆ. "ನಾನೇ ಹೋಗ್ಬೇಕು" ಅಂದ್ರು. ಮೆಟ್ಟಿಲಿಗೊಮ್ಮೆ ನಿಂತು, ನನ್ನ ತೋಳು ನೀಲಿಗಟ್ಟೋ ಹಾಗೆ ಹಿಡ್ಕೊಂಡು ಇಳಿದ್ರು. ಅಂಗಳದ ಬೆಂಚಿನ ಮೇಲೆ ಕೂರಿಸಿ ಬೈಂಡರ್‌ನ ಕರೆದೆ. ಕೈಗೆ ಅಂಟು ಮೆತ್ಕೊಂಡೇ ಬಂದ್ರು.

"ಹೇಳು ಅವರಿಗೆ. ಗೆದ್ದೆ ಅಂತ ಮೆರೀಬೇಡಿ ಅಂತ."

ಹೇಳಿದೆ. "ಮೆರೀತಿಲ್ಲ, ಒಂದೇ ಕೈಯಿಂದ ಗೆದ್ದಿದ್ದು" ಅಂದ್ರು. ಅದನ್ನ ಅತ್ತೆಗೆ ಹೇಳಿದೆ.

"ಆ ಕೈ ನಂದು. ನಿಮ್ಮ ಮೇಲಿನ ಪ್ರೀತಿಗೆ ಎತ್ತಿದ್ದಲ್ಲ, ತಿಳ್ಕೊಳ್ಳಿ" ಅಂದ್ರು ಅತ್ತೆ.

ನಮ್ಮ ಕೆಲಸ ಹಾಗೆ. ಕಿವಿಗೆ ಬಿದ್ದದ್ದು ಕೈಗೆ ಬಂದುಬಿಡುತ್ತೆ, ತಲೆಗೆ ಆಮೇಲೆ ಹೋಗುತ್ತೆ. ಎದೆ ಮುಟ್ಕೊಂಡು 'ಆ ಕೈ ನನ್ನದು' ಅಂತ ಆಗಲೇ ಹೇಳಿಬಿಟ್ಟಿದ್ದೆ. ಪ್ರೀತಿ ಅನ್ನೋ ಕಡೆ ಕೈ ಗಾಳಿಯಲ್ಲೇ ನಿಂತುಹೋಯ್ತು.

"ಮಾತು ಮುಗಿಸಿ" ಅಂದ್ರು ಬೈಂಡರ್.

ಮುಗಿಸಿದೆ. ಆಮೇಲೆ ಬಾಯಿಬಿಟ್ಟು, "ಅತ್ತೆ, ನೀವಾ?" ಅಂದೆ.

"ನಾನೇ. ನಿನ್ನ ಮೈದುನ ಅಷ್ಟು ಜನರ ಮುಂದೆ ಪಾಪ ಪಾಪ ಅಂತ ನನ್ನ ಬದುಕಿರೋವಾಗ್ಲೇ ಹೂತುಹಾಕ್ತಿದ್ದ. ಮೈಯೆಲ್ಲ ಉರೀತು. ನೀನೂ ಕಮ್ಮಿ ಇಲ್ಲ. ಕಾಗದ ಬರೆದೆ, ಸಹಿ ಹಾಕಿಸಿದೆ, ಅತ್ತೆಗೆ ಹಾಗಾಗುತ್ತೆ, ಅತ್ತೆಗೆ ಹೀಗಾಗುತ್ತೆ ಅಂತ ಊರೆಲ್ಲ ಹೇಳಿದೆ. ಬೀಗ ಹಾಕಿಸು ಅಂತ ನಾನು ಯಾವಾಗಮ್ಮ ಹೇಳಿದೆ? ಇಡೀ ದಿನ ಆ ಕಿಟಕೀಲಿ ಕೂತು ಆ ದಾರೀಲಿ ಹೋಗೋರನ್ನ ನೋಡ್ತೀನಿ. ಬೀಗ ಹಾಕಿದ್ರೆ ಯಾರನ್ನ ನೋಡ್ಲಿ, ನಿನ್ನ ಮುಖಾನಾ?"

ಇಷ್ಟನ್ನೂ ನಾನೇ ಬೈಂಡರ್‌ಗೆ ಹೇಳ್ತಿದ್ದೆ. ನನ್ನನ್ನ ಬೈತಿರೋದನ್ನ ನನ್ನ ಕೈಯಲ್ಲೇ, ಒಂದೂ ಬಿಡದ ಹಾಗೆ. ನಡುವೆ ನಿಲ್ಲಿಸೋ ಹಾಗಿಲ್ಲವಲ್ಲ.

"ಈ ಮನುಷ್ಯನ ಮಾತೂ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಆದ್ರೆ 'ಅವರು ಇಲ್ಲೇ ಕೂತಿದ್ದಾರೆ, ಅವರನ್ನೇ ಕೇಳಿ' ಅಂತ ಅಂದಿದ್ದು ಇವರೊಬ್ಬರೇ. ಅದೂ ನಿನ್ನ ಬಾಯಲ್ಲೇ ಬಂತು."

"ನಾನು ಅಂದ್ನಾ ಅದನ್ನ?"

"ಅಂದೆ. ಗಟ್ಟಿಯಾಗಿ ಅಂದೆ. ಅಂದವಳೂ ತಿರುಗಿ ನೋಡ್ಲಿಲ್ಲ."

ನಾಚಿಕೆ ಆಯ್ತು ಅಂತಲೇ ಬರೀತೀನಿ, ಡೈರಿ ತಾನೆ. ಅತ್ತೆ ಕಡೆ ತಿರುಗಿ, "ಹಾಗಾದ್ರೆ ನೀವೇ ಹೇಳಿ ಅತ್ತೆ, ಗೇಟು ಏನು ಮಾಡೋಣ?" ಅಂತ ಕೇಳಿದೆ.

"ಗೇಟು ತೆರೆದಿರಲಿ. ಸೈಕಲ್ಲಿನವರು ಇಳಿದು ತಳ್ಕೊಂಡು ಹೋಗ್ಲಿ. ಅಷ್ಟಕ್ಕೆ ಎರಡು ಸಭೆ ಬೇಕಾ?"

ಅದು ಆಗೋ ಮಾತಲ್ಲ ಅಂದೆ. ಬೈಂಡರೂ ಅದನ್ನೇ ಅಂದ್ರು. ಹೇಳಿದ್ರೆ ಯಾರು ಕೇಳ್ತಾರೆ, ಅದಕ್ಕೇ ಬೀಗ ಬೇಕು ಅನ್ನೋದು ಅಂತ ನಾನು. ಕೇಳ್ತಾರೆ, ಆದ್ರೆ ಇಳಿಸೋದು ತಪ್ಪು, ಕೆಲಸಕ್ಕೆ ಹೊತ್ತಾದವರನ್ನ ಇಳಿಸಬಾರದು ಅಂತ ಅವರು. ಇಳಿಯೋಕೆ ಎಷ್ಟು ಹೊತ್ತು ಬೇಕ್ರೀ ಅಂತ ನಾನು. ನೀವು ಯಾವತ್ತಾದ್ರೂ ಹೊರೆ ಕಟ್ಟಿದ ಸೈಕಲ್ ತಳ್ಳಿದ್ದೀರಾ ಅಂತ ಅವರು. ಈಗಲೂ ಹೇಳ್ತೀನಿ, ಆ ಗೇಟಿಗೆ ಬೀಗ ಬೇಕೇ ಬೇಕು. ಅದನ್ನ ಅವರಿಗೆ ಎಂಟು ರೀತಿಯಲ್ಲಿ ಹೇಳಿದೆ. ಅವರು ಒಂಬತ್ತು ರೀತಿಯಲ್ಲಿ ಇಲ್ಲ ಅಂದ್ರು. ಒಬ್ಬರ ಕೈಯನ್ನ ಒಬ್ಬರು ನೋಡ್ತಾ ನಮಗೆ ಬೇರೆ ಏನೂ ಕಾಣಲಿಲ್ಲ.

ಮೊದಲು ಬೈಂಡರ್ ಕೈ ನಿಲ್ತು. ನನ್ನ ಹೆಗಲಾಚೆ ನೋಡ್ತಿದ್ರು. ತಿರುಗಿದ್ರೆ ಬೆಂಚು ಖಾಲಿ.

ಅತ್ತೆ ಅಂಗಳದ ಆ ತುದಿಯಲ್ಲಿದ್ರು. ಹಿಂದಿನ ಗೇಟಿನ ಹತ್ರ, ಒಬ್ಬರೇ, ಗೋಡೆಗೆ ಒಂದು ಕೈ ಕೊಟ್ಟು ನಿಂತಿದ್ರು. ಎದುರಿಗೆ ಒಬ್ಬ ಸೈಕಲ್ಲಿನವನು. ಅವನ ಒಂದು ಕಾಲು ಪೆಡಲ್ ಮೇಲೆ, ಒಂದು ಕಾಲು ನೆಲದ ಮೇಲೆ. ಅತ್ತೆ ಏನೋ ಹೇಳ್ತಿದ್ರು. ಓಡಿಹೋಗಿ ಹಿಡ್ಕೊಳ್ಳೋಣ ಅಂತ ಕಾಲು ಮುಂದಿಟ್ಟಿದ್ದೆ, ಹಾಗೇ ನಿಂತೆ. ಸೈಕಲ್ಲಿನವನು ಇಳಿದ.

"ಏನಂತಿದ್ದಾರೆ?" ಅಂತ ಬೈಂಡರ್ ಕೇಳಿದ್ರು.

ಅಷ್ಟು ದೂರದಿಂದ ನನಗೂ ಕೇಳಿಸ್ತಿರಲಿಲ್ಲ. ಏನಂದಿರಬಹುದು ಅಂತ ನಾನು ಊಹಿಸಿ ಹೇಳೋದು ಬೇಡ, ಬನ್ನಿ, ಅವರನ್ನೇ ಹೋಗಿ ಕೇಳೋಣ ಅಂದೆ.